ಕಾರವಾರಕ್ಕೊಂದು ಹಿಮದ ನಾಯಿ

ಆ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತದೆ, ಬಿಡಿ. ಅಡಿಕೆ ಧಾರಣೆಯ ಗುಂಪು, ಯಕ್ಷಗಾನದ ಗುಂಪು, ವಾರ್ಡಿಗೆ ನೀರು ಬಿಡುವ ಗುಂಪು, ಯಾವುದನ್ನೂ ಬಿಡದೆ ಸುತ್ತಿದೆ. ನೀಲಿ ಕಣ್ಣಿನ ಹಸ್ಕಿ ಮರಿ, ಬೆನ್ನ ಹಿಂದೆ ಹಿಮದ ಗುಡ್ಡ, ಕೆಳಗೆ ಒಕ್ಕಣೆ: ‘ಪ್ಯೂರ್ ಬ್ರೀಡ್, ಹೆವಿ ಬೋನ್, ಶೋ ಕ್ವಾಲಿಟಿ. ಕಾರವಾರ, ಅಂಕೋಲಾ, ಕುಮಟಾ, ಶಿರಸಿಗೆ ಬಸ್ಸಿನಲ್ಲಿ ಡೆಲಿವರಿ. ಮಳೆಗಾಲದ ಆಫರ್ ಭಾನುವಾರದವರೆಗೆ ಮಾತ್ರ.’

ಸೈಬೀರಿಯಾದ ನಾಯಿಗೆ ಆಷಾಢದ ರಿಯಾಯಿತಿ! ಮಾರುವವನ ಎದೆಗಾರಿಕೆಗೆ ಒಂದು ಶಾಲು ಹೊದೆಸಲೇಬೇಕು. ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗದ, ಗೋಡೆಯೇ ಬೆವರುವ ಊರಿಗೆ ಎರಡು ಪದರ ಕೂದಲಿನ ಪ್ರಾಣಿಯನ್ನು ತಂದು ಮಾರುವುದು ಸಾಮಾನ್ಯದ ಕೆಲಸವಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರು ಬರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವ ಆರಿದಾಗಲೇ ಅದರ ಮೈ ತಣಿಯುವುದು. ಗಾಳಿಯೇ ಒದ್ದೆಯಾಗಿದ್ದರೆ ಆ ತೇವ ಆರುವುದೆಲ್ಲಿ? 39 ಡಿಗ್ರಿಯ ಆಸುಪಾಸಿನಲ್ಲಿರುವ ನಾಯಿಯ ಮೈ 41 ದಾಟಿತೆಂದರೆ ಶಾಖಾಘಾತ. ಆಗ ಮಾಡಬೇಕಾದ್ದು ಬಾವಿಯ ನೀರು ಸುರಿದು ಫ್ಯಾನಿನ ಕೆಳಗಿಟ್ಟು ವೈದ್ಯರಲ್ಲಿಗೆ ಓಡುವುದು. ನಮ್ಮವರು ಮಾಡುವುದು ಐಸ್ ಗಡ್ಡೆ ಹುಡುಕುವುದು.

‘ನಮ್ಮನೇಲಿ ಎಸಿ ಇದ್ದು ಮಾರಾಯ್ರೇ’ ಎನ್ನುತ್ತಾರೆ. ಇದೆ, ನಿಜ. ಮೊದಲ ಗುಡುಗಿಗೆ ಹೋದ ಕರೆಂಟು ಯಾವಾಗ ಬರುತ್ತದೆಂದು ಹಸ್ಕಿಗೆ ತಿಳಿಸಿ ಹೇಳುವವರು ಯಾರು? ಮಳೆಗಾಲದಲ್ಲಿ ಅದರ ಒಳಪದರ ಒಣಗುವುದಿಲ್ಲ. ಡ್ರೈಯರ್ ಹಿಡಿದು ಬುಡದವರೆಗೆ ಬಾಚದಿದ್ದರೆ ಚರ್ಮ ಕೆಂಪಗಾಗಿ, ಒಸರಿ, ವಾಸನೆ ಹೊಡೆಯುತ್ತದೆ. ಆಮೇಲೆ ಯಾರೋ ಜಾಣರು ಹೇಳಿದರೆಂದು ಬೋಳಿಸಿಬಿಡುತ್ತಾರೆ. ಬಿಸಿಲಿಗೆ ಅಡ್ಡವಾಗಿದ್ದ ಕೂದಲೂ ಹೋಯಿತು, ನೋಡಲು ಕೇಶಮುಂಡನವಾದ ವಟುವಿನ ಹಾಗೆ.

ಶಿರಸಿ ಕಡೆಯವರು ಹಸ್ಕಿ ಕೇಳುವುದು ಕಡಿಮೆ. ಅವರಿಗೆ ತೋಟ ಕಾಯಲು ನಾಯಿ ಬೇಕು. ಅದಕ್ಕಾಗಿ ಗೋಲ್ಡನ್ ರಿಟ್ರೀವರ್ ತರುತ್ತಾರೆ. ಕಳ್ಳ ಬಂದರೆ ಬಾಲ ಅಲ್ಲಾಡಿಸಿ, ಅವನ ಚಪ್ಪಲಿ ಕಚ್ಚಿಕೊಂಡು ಅಡಿಕೆ ಚೀಲ ಎಲ್ಲಿದೆಯೆಂದು ತೋರಿಸುವ ಸಂಸ್ಕಾರವಂತ ಜಾತಿ ಅದು. ಅದನ್ನು ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುತ್ತಾರೆ. ಕಾಡಿನಂಚಿನ ಮನೆಯಲ್ಲಿ ಹಾಗೆ ಕಟ್ಟಿದ ನಾಯಿಯೆಂದರೆ ಚಿರತೆಗೆ ಬಾಳೆಯೆಲೆ ಹಾಕಿ ಬಡಿಸಿದ ಹಾಗೆ, ಓಡುವುದಕ್ಕೂ ದಾರಿಯಿಲ್ಲ. ಕತ್ತಲಾದ ಮೇಲೆ ಒಳಗೆ ಕರೆದುಕೊಳ್ಳಬೇಕು, ಇಲ್ಲವೇ ಮಾಡೂ ಸುತ್ತ ಗಟ್ಟಿ ಜಾಲರಿಯೂ ಇರುವ ಗೂಡು ಮಾಡಿಸಬೇಕು. ಗೂಡಿನ ಖರ್ಚು ಕೇಳಿದರೆ ‘ಅಷ್ಟು ದುಡ್ಡಿಗೆ ಇನ್ನೊಂದು ನಾಯಿ ಬತ್ತು’ ಎಂಬ ಲೆಕ್ಕ.

ಈಗ ಆ ಬಸ್ಸಿನ ವಿಷಯ. ರಟ್ಟಿನ ಪೆಟ್ಟಿಗೆ, ನಾಲ್ಕು ತೂತು, ಒಳಗೆ ಹಳೇ ಪತ್ರಿಕೆ, ಅದರ ಮೇಲೆ ‘ಎರಡು ತಿಂಗಳ’ ಮರಿ. ನಾಯಿಯನ್ನು ಊರಿಂದೂರಿಗೆ ಸಾಗಿಸಲು ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕೆಂಬ ನಿಯಮ 1978ರಿಂದ ಇದೆ. ನಾಯಿ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು, ಒಂದೂವರೆ ವರ್ಷವಾಗದ ಹೆಣ್ಣಿನಿಂದ ಮರಿ ಹಾಕಿಸಕೂಡದು ಎಂದು 2017ರ ನಿಯಮ. ಬಸ್ಸಿನ ಡಿಕ್ಕಿಯಲ್ಲಿ ಕಿಂಯ್‌ಗುಡುವ ಪೆಟ್ಟಿಗೆಗೆ ಇದು ಯಾವುದೂ ಗೊತ್ತಿಲ್ಲ. ಪಡೆಯುವವರಿಗೂ ಗೊತ್ತಿಲ್ಲ.

ಎರಡು ತಿಂಗಳೆಂದರೆ ಎರಡು ತಿಂಗಳೇ ಎಂದು ನಂಬುವ ಮುಗ್ಧರಿಗೊಂದು ಉಪಾಯವಿದೆ: ಬಾಯಿ ತೆರೆದು ಎಣಿಸಿ. ಹುಟ್ಟುವಾಗ ಮರಿಯ ಬಾಯಿ ಬೋಳು. ಮೂರು ವಾರದ ಹೊತ್ತಿಗೆ ಹಲ್ಲು ಮೂಡಲು ಶುರು. ಮೊದಲು ಮುಂದಿನ ಬಾಚಿಹಲ್ಲು, ಕೋರೆಹಲ್ಲು, ಆಮೇಲೆ ಹಿಂದಿನ ದವಡೆಯವು. ಎಂಟು ವಾರ ತುಂಬಿದ ಮರಿಗೆ ಮೇಲೆ 14, ಕೆಳಗೆ 14, ಒಟ್ಟು 28 ಹಾಲುಹಲ್ಲು ಇರುತ್ತವೆ. ದವಡೆಯ ಹಿಂಭಾಗ ಇನ್ನೂ ಬೋಳಾಗಿದ್ದು, ನಡೆಯುವಾಗ ಹಿಂಗಾಲು ಓಲಾಡುತ್ತಿದ್ದರೆ ಅದಕ್ಕೆ ನಾಲ್ಕೋ ಐದೋ ವಾರ. ಅಂದರೆ ತಾಯಿಯ ಮೊಲೆಯಿಂದ ಕಿತ್ತು ತಂದದ್ದು. ಅಣ್ಣತಮ್ಮಂದಿರ ಜೊತೆ ಕಚ್ಚಾಡಿ, ‘ಇಷ್ಟು ಜೋರಾಗಿ ಕಚ್ಚಿದರೆ ಆಟ ಬಂದ್’ ಎಂಬ ಪಾಠ ಕಲಿಯುವ ದಿನಗಳು ಅವು. ಆ ಪಾಠ ತಪ್ಪಿಸಿಕೊಂಡು ಬಂದದ್ದು ನಿಮ್ಮ ಮೊಮ್ಮಗನ ಕೈಯ ಮೇಲೆ ಕಲಿಯುತ್ತದೆ.

ಲಸಿಕೆ ಕಾರ್ಡನ್ನೂ ಓದಿ. ಅದು ಮದುವೆ ಕರೆಯೋಲೆಯಲ್ಲ, ನೋಡಿ ಪಕ್ಕಕ್ಕಿಡಲು. ಪ್ರತಿ ಲಸಿಕೆಯ ಎದುರು ಆ ಬಾಟಲಿಯ ಚೀಟಿಯನ್ನೇ ಕಿತ್ತು ಅಂಟಿಸಿರಬೇಕು, ಅದರಲ್ಲಿ ಬ್ಯಾಚ್ ನಂಬರ್ ಇರಬೇಕು, ದಿನಾಂಕ, ವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆ ಇರಬೇಕು. ಮರಿಗಳನ್ನು ಕೊಲ್ಲುವ ವೈರಸ್ ರೋಗಗಳಾದ ಪಾರ್ವೊ, ಡಿಸ್ಟೆಂಪರ್‌ಗೆ ಮೊದಲ ಚುಚ್ಚುಮದ್ದು ಆರರಿಂದ ಎಂಟು ವಾರಕ್ಕೆ. ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವವರೆಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆ ಹಿಡಿಯಲು ಬಿಡುವುದಿಲ್ಲ, ಅದು ಯಾವ ವಾರ ಇಳಿಯುತ್ತದೆಂದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಇಷ್ಟು ಸಲ. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಹೀಗಿರುವಾಗ ‘45 ದಿನದ ಮರಿ, ಎಲ್ಲಾ ವ್ಯಾಕ್ಸಿನ್ ಮುಗ್ದಿದೆ’ ಎಂದರೆ ಅದು ಕಾರ್ಡಲ್ಲ, ಪ್ರಸಂಗ. ಭಾಗವತರೊಬ್ಬರು ಕಡಿಮೆ, ಅಷ್ಟೇ. ನಮ್ಮ ಗದ್ದೆ ಸೀಮೆಗೆ ಇನ್ನೊಂದು ಸೇರಿಸಿ: ಇಲಿಜ್ವರದ ಲಸಿಕೆ, ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಇಲಿ ಉಚ್ಚೆ ಹೊಯ್ದ ನೀರು ಗದ್ದೆಯಲ್ಲೂ ಇರುತ್ತದೆ, ನಾಯಿ ಕುಡಿಯುವ ಕಲ್ಲುಮರಿಗೆಯಲ್ಲೂ.

ಹಾಗೆ ಸುಳ್ಳು ಕಾರ್ಡಿನ ಜೊತೆ ಬಂದ ಮರಿ ಪಾರ್ವೊ ಹಿಡಿದು ನಾಲ್ಕನೇ ದಿನ ವಾಂತಿ, ಐದನೇ ದಿನ ರಕ್ತಭೇದಿ, ಏಳನೇ ದಿನ ತೆಂಗಿನ ಬುಡಕ್ಕೆ. ಮಾರಿದವನ ಫೋನು ಸ್ವಿಚ್ ಆಫ್. ಮನೆಯವರು ಫಿನಾಯಿಲ್ ಹಾಕಿ ಅಂಗಳ ತೊಳೆದು, ‘ಕಣ್ಣು ಬಿತ್ತು’ ಎಂದು ದೃಷ್ಟಿ ತೆಗೆಸಿ, ಮುಂದಿನ ತಿಂಗಳು ಇನ್ನೊಂದು ಮರಿ ತರುತ್ತಾರೆ. ಅದೂ ಹೋಗುತ್ತದೆ. ಪಾರ್ವೊ ವೈರಸ್ ನೆರಳಿನ ಮಣ್ಣಿನಲ್ಲಿ ವರ್ಷಗಟ್ಟಲೆ ಕೂರಬಲ್ಲದು, ಫಿನಾಯಿಲ್ ಅದಕ್ಕೆ ಪನ್ನೀರು. ಬ್ಲೀಚ್ ದ್ರಾವಣ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ, ಮೊದಲು ಸೋಪಿನಿಂದ ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಬೇಕು. ಮಣ್ಣಿನಂಗಳಕ್ಕೆ ಅದೂ ನಾಟುವುದಿಲ್ಲ. ಅಲ್ಲಿಗೆ ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನೇ ತರಬೇಕು. ಆದರೆ ಮಂತ್ರಿಸಿದ ತೆಂಗಿನಕಾಯಿಯ ಮುಂದೆ ಬ್ಲೀಚಿನ ಡಬ್ಬಿಗೆ ಎಲ್ಲಿಯ ಮರ್ಯಾದೆ?

‘ಪೇಪರ್ ಇದ್ದು’ ಎನ್ನುವವರ ಕತೆ ಬೇರೆ. ಪೇಪರ್ ಎಂದರೆ ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಪತ್ರ. ಮಗನಿಗೆ ಹೆಣ್ಣು ನೋಡುವಾಗ ಸಗೋತ್ರವೆಂದು ಗೊತ್ತಾದರೆ ಕೊಟ್ಟ ಅವಲಕ್ಕಿ ಮುಟ್ಟದೆ ಎದ್ದು ಬರುತ್ತಿದ್ದ ಮನೆತನಗಳು ನಮ್ಮವು. (ಬರುತ್ತಿದ್ದ, ಎಂದೆ. ಈಗ ತೋಟದ ಮನೆಯ ಗಂಡಿಗೆ ಹೆಣ್ಣು ಸಿಕ್ಕರೆ ಸಾಕು, ಗೋತ್ರ ಆಮೇಲೆ ಕೇಳೋಣ ಎನ್ನುವ ಕಾಲ.) ಅದೇ ಹಿರಿಯರು ನಾಯಿಯ ಪತ್ರ ಹಿಡಿದು ಮುದ್ರೆ ಮಾತ್ರ ನೋಡುತ್ತಾರೆ. ತಂದೆಯ ಕಡೆಯಲ್ಲೂ ತಾಯಿಯ ಕಡೆಯಲ್ಲೂ ಒಬ್ಬನೇ ಅಜ್ಜ ಕೂತಿದ್ದಾನೆಯೇ ಎಂದು ನೋಡುವುದಿಲ್ಲ. ಅಣ್ಣತಂಗಿಯರ ಸಂತಾನವೇ ಶುದ್ಧ ತಳಿಯೆಂದು ಮೆರೆಯುತ್ತಿರುತ್ತದೆ. ಸೊಂಟದ ಕೀಲು ಸಡಿಲ, ಚರ್ಮಕ್ಕೆ ತುರಿಕೆ, ಕಿವಿಯಲ್ಲಿ ನಿತ್ಯ ಕೀವು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಕೊಳ್ಳುವವರು ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳಬೇಕು. ಕೇಳಿ ನೋಡಿ, ಮಾರುವವನ ಮುಖ ನೋಡುವಂತಿರುತ್ತದೆ. ಇನ್ನು ಮನೆಗೆ ತಂದು ನುಣ್ಣನೆಯ ವಿಟ್ರಿಫೈಡ್ ಟೈಲಿನ ಮೇಲೆ ಜಾರಲು ಬಿಟ್ಟು, ಮೂರು ಹೊತ್ತು ಅನ್ನ-ಮಜ್ಜಿಗೆ ಹಾಕಿ ಮೂಟೆ ಮಾಡಿದರೆ ಉಳಿದ ಕೀಲೂ ಹೋಗುತ್ತದೆ. ಬೆಳೆಯುವ ಮರಿಗೆ ಒಣ ಆಹಾರದ ಲೆಕ್ಕದಲ್ಲಿ ನೂರಕ್ಕೆ 22ರಷ್ಟಾದರೂ ಪ್ರೋಟೀನ್ ಬೇಕು. ಅಕ್ಕಿಯಲ್ಲಿ ಇರುವುದು ಏಳೋ ಎಂಟೋ. ಕರಾವಳಿಯವರು ಮೀನು ಹಾಕುತ್ತಾರೆ, ಒಳ್ಳೆಯದೇ. ಮುಳ್ಳು ತೆಗೆದು ಹಾಕಿದರೆ ಇನ್ನೂ ಒಳ್ಳೆಯದು.

ಜಾತಿಯ ಹುಚ್ಚು ನಮ್ಮೂರಿನದಷ್ಟೇ ಅಲ್ಲ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ 23 ತಳಿಗಳು ಅಪಾಯಕಾರಿ ಎಂದು ಪಟ್ಟಿ ಹೊರಡಿಸಿತು. ಏಪ್ರಿಲ್ 10ಕ್ಕೆ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪಟ್ಟಿ ನೋಡಿದ ಮೇಲೆ ರಾಟ್‌ವೀಲರ್ ಕೇಳುವವರಿಗೆ ಅದರ ಮೇಲೆ ಭಕ್ತಿ ಹೆಚ್ಚಿತು, ಅಷ್ಟೇ ಲಾಭ.

ಈ ಗದ್ದಲದಲ್ಲಿ ಬಸ್‌ಸ್ಟ್ಯಾಂಡಿನ ಕೆಂದ ನಾಯಿಯನ್ನು ಕೇಳುವವರಿಲ್ಲ. ಅದು ‘ಕಂತ್ರಿ’. ಇಂಗ್ಲಿಷಿನವರು ‘ಕಂಟ್ರಿ’ ನಾಯಿ, ಅಂದರೆ ಈ ನಾಡಿನದು ಎಂದದ್ದು ನಮ್ಮ ಬಾಯಲ್ಲಿ ಬೈಗುಳವಾಯಿತು. ನಾಡಿನದು ಎಂಬುದೇ ಬೈಗುಳ! ಈ ಮಳೆ, ಈ ಸೆಕೆ, ಈ ಬಂಗಡೆ ತಲೆಗೆ ಎಷ್ಟೋ ತಲೆಮಾರು ಒಗ್ಗಿಕೊಂಡ ಮೈ ಅದರದು. ಒಂದು ಪದರದ ಗಿಡ್ಡ ಕೂದಲು, ಒರೆಸಿದರೆ ಒಣಗುತ್ತದೆ. ದೊಡ್ಡದನ್ನೇ ತಂದರೆ ಎಷ್ಟು ಎತ್ತರ ಆಗುತ್ತದೆ, ಮಕ್ಕಳನ್ನು ಕಂಡರೆ ಏನು ಮಾಡುತ್ತದೆ ಎಂಬುದೆಲ್ಲ ಮೊದಲೇ ಕಣ್ಣೆದುರು ಇರುತ್ತದೆ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣವೂ ಆಗಿದೆ. ಹಾಗೆಂದು ಅದಕ್ಕೆ ಕಾಯಿಲೆಯೇ ಇಲ್ಲವೆಂದಲ್ಲ. ಮನೆಗೆ ತರುವ ಮೊದಲು ರಕ್ತಪರೀಕ್ಷೆ ಮಾಡಿಸಿ ಪ್ಲೇಟ್‌ಲೆಟ್ ನೋಡಬೇಕು, ಉಣುಗಿನ ಜ್ವರ ಒಳಗೇ ಅಡಗಿರುತ್ತದೆ. ಅದು ಎರ್ಲಿಕಿಯಾ ಎಂಬ ಬಗೆಯದಾದರೆ ಡಾಕ್ಸಿಸೈಕ್ಲಿನ್ ಔಷಧಿ ಪೂರ್ತಿ 28 ದಿನ, ಹತ್ತನೇ ದಿನ ಚುರುಕಾಯಿತೆಂದು ನಿಲ್ಲಿಸುವಂತಿಲ್ಲ. ಬೇರೆ ನಾಯಿ ಇರುವ ಮನೆಯಾದರೆ ಎರಡು ವಾರ ಬೇರೆ ಕೋಣೆ. ಮೊದಲ ಮೂರು ದಿನ ಮಂಚದಡಿ ಸೇರುತ್ತದೆ, ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ತಿಳಿಯುತ್ತದೆ, ಮೂರು ತಿಂಗಳಿಗೆ ನಿಮ್ಮದಾಗುತ್ತದೆ. ನಮ್ಮವರು ಎರಡನೇ ದಿನವೇ ‘ಇದು ಹೊಂದ್ಕೊಳ್ತಿಲ್ಲೆ’ ಎಂದು ವಾಪಸ್ ಬಿಟ್ಟು ಬರುತ್ತಾರೆ.

ಪಾರುಮಾಡಿದ ನಾಯಿಗಳನ್ನು ದತ್ತು ಕೊಡುವವರು ಮನೆ ನೋಡಲು ಬರುತ್ತೇವೆ ಎನ್ನುತ್ತಾರೆ, ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ, ಊರಿಗೆ ಹೋದಾಗ ಯಾರು ನೋಡುತ್ತಾರೆ ಎಂದು ಕೇಳುತ್ತಾರೆ. ಅದಕ್ಕೆ ಸಿಟ್ಟು. ‘ಬೀದಿ ನಾಯಿಗೆ ಇಷ್ಟೆಲ್ಲ ಕೇಳ್ತ್ರಲಿ!’ ದುಡ್ಡು ಕೊಟ್ಟರೆ ಏನೂ ಕೇಳದೆ ಪೆಟ್ಟಿಗೆಯಲ್ಲಿ ಕಳಿಸುವವನೇ ಸಜ್ಜನ.

ನಗರಸಭೆಯ ಪಾಡು ಕೇಳಬೇಡಿ. ಬೀದಿನಾಯಿಯನ್ನು ಹಿಡಿದು, ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿ, ಹಿಡಿದಲ್ಲೇ ಬಿಡು ಎನ್ನುತ್ತದೆ 2023ರ ನಿಯಮ. ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡು, ರೈಲು ನಿಲ್ದಾಣಗಳಲ್ಲಿ ಹಿಡಿದದ್ದನ್ನು ಅಲ್ಲೇ ಬಿಡಬೇಡ, ಆಶ್ರಯತಾಣಕ್ಕೆ ಸೇರಿಸು ಎನ್ನುತ್ತದೆ 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶ. ತಾಣಕ್ಕೆ ಜಾಗ? ಜಿಲ್ಲೆಯ ನೂರರಲ್ಲಿ ಎಂಬತ್ತು ಪಾಲು ಕಾಡು, ಉಳಿದದ್ದರಲ್ಲಿ ನೌಕಾನೆಲೆ, ಅಣುಸ್ಥಾವರ, ಅಣೆಕಟ್ಟು, ಹೆದ್ದಾರಿ. ಎದೆ ಹಿಡಿದುಕೊಂಡ ಮನುಷ್ಯನನ್ನೇ ಮಣಿಪಾಲಕ್ಕೋ ಗೋವಾಕ್ಕೋ ಹೊತ್ತೊಯ್ಯುವ ಜಿಲ್ಲೆಯಲ್ಲಿ ನಾಯಿಗೆ ಆಶ್ರಯತಾಣವಂತೆ. ದತ್ತು ಬೇಕಾದವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದೆಂದು ಅದೇ ವರ್ಷದ ಆಗಸ್ಟ್ 22ರ ಆದೇಶದಲ್ಲಿದೆ. ಯಾವ ಟೇಬಲ್ಲಿಗೆ ಎಂದು ಕೇಳಿ ನೋಡಿ. ನಾಯಿ ಮುದಿಯಾಗುವಷ್ಟರಲ್ಲಿ ಉತ್ತರ ಬಂದೀತು.

ನಗುವುದು ಇಲ್ಲಿಗೆ ಸಾಕು. ಘಟ್ಟದ ತಿರುವಿನಲ್ಲಿ ಚೀಲ ಬಿಸಾಡಿ ಹೋಗುವವರು ನಗರಸಭೆಯವರಲ್ಲ. ದೇವಿಮನೆ ಘಟ್ಟ, ಅರಬೈಲ್ ಘಟ್ಟದಲ್ಲಿ ಕಣ್ಣು ಬಿಡದ ಮರಿಗಳಿದ್ದ ಚೀಲ ಯಾರದ್ದು? ಗಂಡು ಮರಿ ಆರಿಸಿಟ್ಟುಕೊಂಡು ‘ಹೆಣ್ಣು ಯಾರಿಗೆ ಬೇಕು’ ಎಂದವರದ್ದು. ಹೆಣ್ಣುನಾಯಿಗೆ ಆರು ತಿಂಗಳಾದಾಗ ಸಂತಾನಹರಣದ ಒಂದೇ ಶಸ್ತ್ರಚಿಕಿತ್ಸೆ, ಹತ್ತು ದಿನದ ಆರೈಕೆ, ಮುಗಿಯಿತು. ಅದನ್ನು ಮಾಡಿಸುವುದಿಲ್ಲ. ನಾಯಿಯ ಗರ್ಭ 63 ದಿನ. ಅಷ್ಟು ದಿನ ಕಣ್ಣೆದುರೇ ಹೊಟ್ಟೆ ದೊಡ್ಡದಾಗುತ್ತಿದ್ದರೂ ಯಾರಿಗೂ ಗೊತ್ತಾಗಲಿಲ್ಲವೇ? ಉಣುಗಿನ ಜ್ವರಕ್ಕೆ ಮೂಗಲ್ಲಿ ರಕ್ತ ಬಂದ ಲ್ಯಾಬ್ ಅನ್ನು ಕಾರಲ್ಲಿ ಕೂರಿಸಿಕೊಂಡು ಬಂದು, ಕಾರವಾರದ ಕಡಲತೀರದಲ್ಲಿ ಬೆಲ್ಟ್ ಬಿಚ್ಚಿ ಬಿಟ್ಟು ಹೋಗುತ್ತಾರೆ. ಬೆಲ್ಟ್ ಮಾತ್ರ ವಾಪಸ್ ಒಯ್ಯುತ್ತಾರೆ. ಅದು ಮರುದಿನವೂ ಅಲ್ಲೇ, ನಿಂತು ಹೋಗುವ ಪ್ರತಿ ಬಿಳಿ ಕಾರಿನ ಬಾಗಿಲು ನೋಡುತ್ತ ಕೂತಿರುತ್ತದೆ.

ಆ ಬೆಲ್ಟಿಗೆ ಈಗ ಹೊಸ ಕುತ್ತಿಗೆ ಬೇಕಲ್ಲ. ಆಫರ್ ಭಾನುವಾರದವರೆಗೆ. ಬಸ್ಸು ಬೆಳಗಿನ ಜಾವ ಬರುತ್ತದೆ, ಪೆಟ್ಟಿಗೆ ಡಿಕ್ಕಿಯಲ್ಲಿರುತ್ತದೆ, ಕ್ಲೀನರ್‌ಗೆ ಚಹಾಕ್ಕೆ ಐವತ್ತು ರೂಪಾಯಿ ಬೇರೆ. ಕತ್ತಲಲ್ಲೂ ಹಲ್ಲು ಎಣಿಸಬಹುದು, ಮೊಬೈಲಿಗೆ ಟಾರ್ಚ್ ಇದೆ.