ಅರವತ್ತರ ಮೇಲಿನ ಸಂಬಳ

ಕಳೆದ ಚಳಿಗಾಲದಲ್ಲಿ ತೀರ್ಥಹಳ್ಳಿಯ ಸಮೀಪ ಬಾಲ್ಯದ ಗೆಳೆಯನೊಬ್ಬನ ಎಪ್ಪತ್ತರ ಭೀಮರಥ ಶಾಂತಿಗೆಂದು ಊರಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಮತ್ತೊಬ್ಬ ಗೆಳೆಯ, ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಲೇ, "ಅಲ್ಲ ಮಾರಾಯ, ಮಕ್ಕಳೆಲ್ಲ ಚೆನ್ನಾಗಿಯೇ ಇದ್ದಾರಲ್ಲ, ಮತ್ತೆಂತಕ್ಕೆ ನಿನಗೆ ಈ ಅವಸ್ಥೆ?" ಎಂದು ಕೇಳಿಬಿಟ್ಟ. ಅಮೆರಿಕದ ಒಹಾಯೊದಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದ ಮೇಲೆ ನಾನು ವಾರದಲ್ಲಿ ಕೆಲವು ದಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನಿಂತು ಮೊಳೆ, ನಲ್ಲಿ, ಬಣ್ಣದ ಡಬ್ಬಿ ಮಾರುವ ವಿಷಯ ಅವನ ಕಿವಿಗೆ ಬಿದ್ದಿತ್ತು. ಆಚೀಚೆ ಕುಳಿತಿದ್ದವರು ಒಬ್ಬರೂ ಆಶ್ಚರ್ಯಪಡದೆ ಎಲೆಯತ್ತ ಬಗ್ಗಿ ಊಟ ಮುಂದುವರಿಸಿದ ರೀತಿಯನ್ನು ನೋಡಿದರೆ, ನನ್ನ ಬೆನ್ನ ಹಿಂದೆ ಈ ಮಾತು ಆಗಲೇ ಸಾಕಷ್ಟು ಸಲ ಬಂದುಹೋಗಿದೆ ಎಂಬುದು ಸ್ಪಷ್ಟವಾಗಿತ್ತು.

ಮಲೆನಾಡಿನವರಿಗೆ ವಯಸ್ಸಾದವರು ದುಡಿಯುವುದು ಹೊಸದೇನೂ ಅಲ್ಲ. ಶಾಂತಿ ಮಾಡಿಸಿಕೊಂಡ ಆ ಗೆಳೆಯನೇ ಮರುದಿನ ಬೆಳಗ್ಗೆ, ಮನೆಯ ತುಂಬ ನೆಂಟರಿರುವಾಗಲೇ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರ ಹಿಂದೆ ತೋಟಕ್ಕೆ ಇಳಿದಿದ್ದ. ಹಗ್ಗದಲ್ಲಿ ಜಾರಿ ಬರುವ ಅಡಿಕೆ ಕೊನೆ ನೆಲಕ್ಕೆ ಬಡಿದು ಉದುರದಂತೆ ಹಗ್ಗವನ್ನು ತಾನೇ ಎಳೆದು ಹಿಡಿಯುತ್ತಿದ್ದ. ಸಂಜೆ ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಕೈಯಾಡಿಸುತ್ತ, ಶಿವಮೊಗ್ಗದ ಅಡಿಕೆ ಮಾರಾಟ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ನಲ್ಲಿ ರಾಶಿ ಇಡಿ ಎಂಬ ಬಗೆಯ ಅಡಿಕೆಗೆ ಧಾರಣೆ ಎಷ್ಟಾಯಿತೆಂದು ಫೋನಿನಲ್ಲಿ ವಿಚಾರಿಸುತ್ತಿದ್ದ. ಎಂಬತ್ತರ ಹೊಸ್ತಿಲಲ್ಲಿರುವವರೂ ಮಳೆಗಾಲದಲ್ಲಿ ಕೊಳೆರೋಗದ ಭಯಕ್ಕೆ ಮೈಲುತುತ್ತ, ಸುಣ್ಣ ಕಲಸುವ ಡ್ರಮ್ಮಿನ ಪಕ್ಕ ನೆನೆಯುತ್ತ ನಿಂತಿರುತ್ತಾರೆ. ಅಂಥವರನ್ನು ಊರು ಗಟ್ಟಿ ಜೀವ ಎಂದು ಕೊಂಡಾಡುತ್ತದೆಯೇ ಹೊರತು ಯಾರೂ ಅವರ ಅವಸ್ಥೆಗೆ ಮರುಗುವುದಿಲ್ಲ. ನಮ್ಮವರಿಗೆ ಮುಜುಗರವಾಗುವುದು ಮುದುಕನ ದುಡಿಮೆಯಿಂದಲ್ಲ. ಅವನು ಇನ್ನೊಬ್ಬರ ಕೈಕೆಳಗೆ ನಿಂತು ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುವುದರಿಂದ.

ಅದರಲ್ಲೂ ಈ ಮುಜುಗರ ಎಲ್ಲರ ಪಾಲಿಗೂ ಒಂದೇ ಅಲ್ಲ. ನಮ್ಮ ದೊಡ್ಡಮ್ಮ ಕೊನೆಯ ವರ್ಷಗಳವರೆಗೂ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಳು. ಸಿಪ್ಪೆಯ ಚೊಗರು ಹತ್ತಿ ಕಪ್ಪಾದ ಅವಳ ಹೆಬ್ಬೆರಳು ಯುಗಾದಿಯ ಹೊತ್ತಿಗೂ ಬೆಳ್ಳಗಾಗುತ್ತಿರಲಿಲ್ಲ. ಅವಳಿಗೆ ನಿವೃತ್ತಿ ಯಾವಾಗ ಎಂದು ಕೇಳಬೇಕೆಂದು ಯಾರಿಗೂ ತೋಚಲಿಲ್ಲ, ನನಗಂತೂ ತೋಚಲಿಲ್ಲ. ಅದೇ ಜಗಲಿಯಲ್ಲಿ, ಅದೇ ವಯಸ್ಸಿನ ಹೆಂಗಸರು ಸುಲಿದಷ್ಟಕ್ಕೆ ಕೂಲಿ ಪಡೆದು ರಾತ್ರಿ ಟಾರ್ಚು ಹಿಡಿದು ಮನೆಗೆ ನಡೆಯುತ್ತಿದ್ದರು. ಅವರು ಕೂಲಿ ತೆಗೆದುಕೊಳ್ಳುವುದು ಯಾವ ಪಂಕ್ತಿಯಲ್ಲೂ ಚರ್ಚೆಯಾಗಲಿಲ್ಲ. ಹಾಗಾಗಿ ಸಂಬಳದ ನಾಚಿಕೆ ಎಂಬುದು ತೋಟವೋ ಪಿಂಚಣಿಯೋ ಇರುವ ಗಂಡಸರು ತಮಗಾಗಿ ಮಾಡಿಕೊಂಡ ಏರ್ಪಾಡು ಎಂದು ನನಗೆ ಈಚೆಗೆ ಬಲವಾಗಿ ಅನ್ನಿಸತೊಡಗಿದೆ.

ಈ ಮಾತನ್ನು ಭದ್ರಾವತಿಯಲ್ಲಿರುವ ಗೆಳೆಯನ ಮುಂದೆ ಆಡಿದೆ. ಅವನು ಕಬ್ಬಿಣದ ಕಾರ್ಖಾನೆಯಲ್ಲೇ ಜೀವಮಾನ ಕಳೆದವನು. ಮನೆಯಲ್ಲಿ ವಿಶ್ವೇಶ್ವರಯ್ಯನವರ ಪಟಕ್ಕೆ ದಿನವೂ ಹೂವಿಡುತ್ತಾನೆ. ದಿವಾನಗಿರಿ ಬಿಟ್ಟು ವರ್ಷಗಳು ಕಳೆದ ಮೇಲೆ, 1923ರಲ್ಲಿ ಆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ಅವರು ವಹಿಸಿಕೊಂಡಾಗ ಅವರಿಗೂ ಅರವತ್ತು ದಾಟಿತ್ತಲ್ಲ, 1929ರವರೆಗೆ ಅವರು ದುಡಿದದ್ದು ಯಾವ ಅವಸ್ಥೆಯಿಂದ ಎಂದು ಕೇಳಿದೆ. ಅವನು ತಡಮಾಡದೆ, "ಅವರು ಆ ಸಂಬಳವನ್ನು ತಾಂತ್ರಿಕ ಶಾಲೆಗೆ ಕೊಟ್ಟುಬಿಟ್ಟರಲ್ಲ ಮಾರಾಯ, ನಿನ್ನ ಹಾಗೆ ಜೇಬಿಗೆ ಹಾಕಿಕೊಂಡರಾ?" ಎಂದ. ನನ್ನ ವಾದವನ್ನು ನನಗಿಂತ ಚೆನ್ನಾಗಿ ಅವನೇ ಮಂಡಿಸಿದ ಮೇಲೆ ನಾನು ಕಾಫಿ ಕುಡಿದು ಸುಮ್ಮನಾದೆ.

ಕರ್ನಾಟಕದ ಸರ್ಕಾರಿ ನೌಕರನಿಗೆ ನಿವೃತ್ತಿಯ ವಯಸ್ಸು 2008ರವರೆಗೆ 58, ಆಮೇಲೆ 60. ಅದು ತುಂಬಿದ ತಿಂಗಳ ಕೊನೆಯ ದಿನ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿಯೊಂದಿಗೆ ಅವನನ್ನು ಕಳುಹಿಸಿಕೊಟ್ಟರೆ ಮರುದಿನದಿಂದ ಅವನ ಕೈಯಲ್ಲಿ ಏನೂ ಆಗುವುದಿಲ್ಲವೆಂದು ಅವನ ಮನೆಯವರೇ ನಂಬಿಬಿಡುತ್ತಾರೆ. ಅಮೆರಿಕದಲ್ಲಿ 1967ರ ಕಾನೂನೊಂದು 40 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸದಲ್ಲಿ ಕಡೆಗಣಿಸಬಾರದೆಂದು ಹೇಳಿತು. 1986ರ ತಿದ್ದುಪಡಿ ಆ ರಕ್ಷಣೆಗಿದ್ದ 70ರ ಮಿತಿಯನ್ನೂ ತೆಗೆದುಹಾಕಿದ್ದರಿಂದ ವಿಮಾನದ ಪೈಲಟ್‌ಗಳಂಥ ಕೆಲವರನ್ನು ಬಿಟ್ಟರೆ, ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಯಾರನ್ನೂ ಮನೆಗೆ ಕಳುಹಿಸುವಂತಿಲ್ಲ. ನನ್ನ ಅಂಗಡಿಯಲ್ಲಿ ಕೀಲಿಕೈ ಮಾಡಿಕೊಡುವವರು ಎಂಬತ್ತು ದಾಟಿದ, ಹಿಂದೆ ಕೊಳಾಯಿ ಕೆಲಸ ಮಾಡುತ್ತಿದ್ದ ಹಿರಿಯರು. ಯಂತ್ರ ಕತ್ತರಿಸಿ ಕೊಟ್ಟ ಕೀಲಿಯನ್ನು ಹಾಗೆಯೇ ಗಿರಾಕಿಗೆ ಕೊಡುವವರಲ್ಲ. ತಂತಿಯ ಬ್ರಷ್ಷಿಗೆ ಹಿಡಿದು, ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿ, ಒರಟು ಸಿಕ್ಕಿದರೆ ಮತ್ತೊಮ್ಮೆ ಬ್ರಷ್ಷಿಗೆ ಹಿಡಿಯುತ್ತಾರೆ. ಸೋರುವ ನಲ್ಲಿಯ ಫೋಟೋ ಹಿಡಿದು ಬರುವ ಹುಡುಗರು ನಮ್ಮನ್ನೆಲ್ಲ ದಾಟಿ ನೇರವಾಗಿ ಅವರ ಬಳಿಗೇ ಹೋಗುತ್ತಾರೆ, ಅವರು ಹೇಳಿದ ವಾಷರನ್ನೇ ಕೊಳ್ಳುತ್ತಾರೆ. ಅವರ ಮಕ್ಕಳು ಏನು ಮಾಡುತ್ತಿದ್ದಾರೆಂದು ಇದುವರೆಗೆ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಊರಿನಲ್ಲಿ ಆ ಪ್ರಶ್ನೆಯೇ ಮೊದಲು ಬರುತ್ತದೆ, ಹಲವು ಸಲ ಅದೊಂದೇ ಬರುತ್ತದೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಜೊತೆಗೆ ಓದಿದವರು ಸೇರಿದರೆ ಒಂದು ಕಾಲಕ್ಕೆ ನಾಟಕ, ಸಮಾಜವಾದ, ತುಂಗಾ ಸೇತುವೆಯ ಮೇಲಿನ ಜಗಳ ಎಲ್ಲ ಇರುತ್ತಿದ್ದವು. ಈಗ ಸಕ್ಕರೆ ಕಾಯಿಲೆ, ಮಗನ ಗ್ರೀನ್ ಕಾರ್ಡು, ಸೊಸೆಯ ಹೆರಿಗೆಗೆ ಆರು ತಿಂಗಳು ಹೋಗಿಬಂದ ಕಥೆ, ಇಷ್ಟರಲ್ಲೇ ಸಂಜೆ ಮುಗಿಯುತ್ತದೆ. ಸಾಗರದಲ್ಲಿರುವ, ಮೂವತ್ತು ವರ್ಷ ಗಣಿತ ಕಲಿಸಿದ ಗೆಳೆಯನೊಬ್ಬ ಜಗಲಿಯಲ್ಲಿ ಕುಳಿತು ಒಂದೇ ಪತ್ರಿಕೆಯನ್ನು ಬೆಳಗ್ಗೆಯೂ ಮಧ್ಯಾಹ್ನವೂ ಓದುತ್ತಾನೆ. ಬೇಸರವಾಗುವುದಿಲ್ಲವೇ ಎಂದರೆ, "ಇನ್ನೆಂತ ಆಗಬೇಕು, ಆರಾಮಿದ್ದೇನಲ್ಲ" ಎನ್ನುತ್ತಾನೆ. ಐವತ್ತು ವರ್ಷಗಳ ಗೆಳೆತನಕ್ಕೆ ದಿನವೂ ಬಂದು ಬೀಳುವ ಹೊಸ ವಿಷಯವೇ ಇಲ್ಲವಾದರೆ ಅದು ಹಳೆಯ ನೆನಪುಗಳ ಮೇಲೆ ಎಷ್ಟು ದಿನ ನಡೆದೀತು? ಅಂಗಡಿಯ ಆ ಕೀಲಿಕೈ ಹಿರಿಯರ ಜೊತೆ ನನ್ನದು ಇತ್ತೀಚಿನ ಪರಿಚಯ, ಅವರ ಮನೆಯೊಳಗೆ ನಾನು ಕಾಲಿಟ್ಟಿಲ್ಲ. ಆದರೂ ಅವರೊಂದಿಗೆ ಮಾತು ನಿಲ್ಲುವುದಿಲ್ಲ, ಏಕೆಂದರೆ ಇಬ್ಬರ ಎದುರಿಗೂ ಬಿಡಿಸಬೇಕಾದ ಏನಾದರೊಂದು ತೊಡಕು ಇದ್ದೇ ಇರುತ್ತದೆ.

ಇಷ್ಟು ಹೇಳಿದ ಮೇಲೆ, ಒಹಾಯೊದ ಎಲ್ಲ ಮುದುಕರೂ ನನ್ನಂತೆ ಹೊತ್ತು ಕಳೆಯಲು ದುಡಿಯುತ್ತಿಲ್ಲ ಎಂಬುದನ್ನು ಮುಚ್ಚಿಡಲಾಗದು. ಅಲ್ಲಿನ ಪೂರ್ಣ ಸರ್ಕಾರಿ ಪಿಂಚಣಿಗೆ 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರು 67ರವರೆಗೆ ಕಾಯಬೇಕು. 65ಕ್ಕೆ ಸಿಗುವ ಸರ್ಕಾರಿ ಆರೋಗ್ಯ ವಿಮೆ ಸಾಮಾನ್ಯವಾಗಿ ಹಲ್ಲಿನ ಚಿಕಿತ್ಸೆಯನ್ನು ಭರಿಸುವುದಿಲ್ಲ. ನಮ್ಮ ಅಂಗಡಿಯಲ್ಲಿ ಬಿಲ್ಲು ಮಾಡುವ ಒಬ್ಬ ಹೆಂಗಸು ಮನೆ ಬಾಡಿಗೆಗೂ ಹಲ್ಲಿನ ವೈದ್ಯರಿಗೂ ಹಣ ಹೊಂದಿಸಲು ಊದಿದ ಮಂಡಿಯ ಮೇಲೆ ದಿನವಿಡೀ ನಿಲ್ಲುತ್ತಾರೆ. ಅವರಿಗೊಂದು ಸ್ಟೂಲು ಕೊಡಿ ಎಂದು ಹಲವು ಸಲ ಹೇಳಿ ನೋಡಿದ್ದೇನೆ, ಇನ್ನೂ ಬಂದಿಲ್ಲ. ಅವರ ಮುಂದೆ ನಿಂತು ದುಡಿಮೆಯ ಘನತೆಯ ಬಗ್ಗೆ ಭಾಷಣ ಮಾಡುವ ಧೈರ್ಯ ನನಗಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ನಮ್ಮ ಅಮ್ಮ ತೀರಿಕೊಂಡಾಗ ನಾನಿನ್ನೂ ವಿಮಾನದಲ್ಲಿದ್ದೆ. ಸೋನೆ ಮಳೆಯಲ್ಲಿ ಒಣಸೌದೆ ಹೊಂದಿಸಿದವನು, ಪುರೋಹಿತರನ್ನು ಕರೆತಂದವನು, ವೈಕುಂಠ ಸಮಾರಾಧನೆಯವರೆಗೆ ನಮ್ಮ ಮನೆಯ ಅಡಿಗೆಯವರ ಲೆಕ್ಕವನ್ನೂ ನೋಡಿಕೊಂಡವನು, ಪಂಕ್ತಿಯಲ್ಲಿ ನನ್ನನ್ನು ಕುಟುಕಿದ ಆ ಗೆಳೆಯನೇ. ನಾನು ಒಹಾಯೊಗೆ ವಾಪಸು ಬಂದಾಗ ಅಂಗಡಿಯವರು ಎಲ್ಲರೂ ಸಹಿ ಹಾಕಿದ ಒಂದು ಕಾರ್ಡು ಕೊಟ್ಟರು. ಮರುವಾರದಿಂದ ಆ ವಿಷಯ ಯಾರೂ ಎತ್ತಲಿಲ್ಲ. ನನ್ನ ಮಕ್ಕಳ ಸಂಪಾದನೆಯನ್ನು ವಿಚಾರಿಸುವ ಹಕ್ಕನ್ನು ಆ ಗೆಳೆಯ ಹೀಗೆ ಸಂಪಾದಿಸಿಕೊಂಡಿದ್ದಾನೆ. ಕೀಲಿಕೈ ಹಿರಿಯರು ನನ್ನ ಮನೆಯ ವಿಷಯ ಕೇಳದಿರುವುದರಲ್ಲಿ ಸೌಜನ್ಯ ಎಷ್ಟು, ನಿರಾಸಕ್ತಿ ಎಷ್ಟು ಎಂದು ಬೇರ್ಪಡಿಸಲು ನನ್ನಿಂದ ಆಗಿಲ್ಲ. ಆದರೂ ಸಂಬಳದ ವಿಷಯದಲ್ಲಿ ಮಾತ್ರ ಊರಿನ ತೀರ್ಪನ್ನು ನಾನು ಒಪ್ಪಲಾರೆ.

ಸಾಗರದ ಗಣಿತದ ಗೆಳೆಯ ಮೊನ್ನೆ ರಾತ್ರಿ ಫೋನು ಮಾಡಿದ್ದ. ಖಾಸಗಿ ಕಾಲೇಜೊಂದರವರು ಪಿಯುಸಿ ಮಕ್ಕಳಿಗೆ ಸಂಜೆ ಪಾಠ ಹೇಳಲು ಕರೆದಿದ್ದಾರಂತೆ. ಹಣ ಬೇಡವೆಂದು ಹೇಳಿ ಒಪ್ಪಿಕೊಂಡರೆ ಅಣ್ಣನ ಮನೆಯವರು ಆಡಿಕೊಳ್ಳುವುದಿಲ್ಲ ಎಂಬ ಲೆಕ್ಕ ಅವನದು. ತೋಟದ ಪಂಪು ಸುಟ್ಟುಹೋಗಿ ತಿಂಗಳಾಯಿತು, ಹಣ ಬಂದರೆ ರಿಪೇರಿಯಾದರೂ ಆಗುತ್ತದೆ ಎಂದು ಹಿಂದಿನಿಂದ ಅವನ ಹೆಂಡತಿ ಹೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಹಣ ತೆಗೆದುಕೋ, ಅದರಲ್ಲೂ ಅವರು ಮೊದಲು ಹೇಳಿದ ಮೊತ್ತಕ್ಕೆ ಒಪ್ಪಬೇಡ, ಮೂವತ್ತು ವರ್ಷದ ಅನುಭವಕ್ಕೆ ತಕ್ಕಂತೆ ಕೇಳು ಎಂದೆ. ಎಷ್ಟು ಕೇಳಬಹುದೆಂದು ಅವನು ದನಿ ತಗ್ಗಿಸಿ ವಿಚಾರಿಸಿದ.