ಬೆನ್ನು ಒತ್ತೋ ಕೆಲಸಕ್ಕ ಪಗಾರ ಕೊಡೋ ಊರು, ಮತ್ತ ನಮ್ಮ ಗದಗ

ನಾ ಗದಗ-ಬೆಟಗೇರಿಯವ, ಟೋಕಿಯೋಕ್ಕ ಬಂದು ಹನ್ನೊಂದು ವರ್ಷ ಆತು. ನಮ್ಮಪ್ಪ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಮೊಳಿ ಜೋಡಿಸ್ತಿದ್ರು, ದಿನಾ ಎಂಟೊಂಬತ್ತು ತಾಸು ಕುತ್ತಿಗಿ ಬಗ್ಗಿಸಿ ನಿಂತು ಮಾಡೋ ಕೆಲಸ. ಸಂಜಿಮುಂದ ಮನಿಗೆ ಬಂದು ಚಹಾ ಕುಡದು ಚಾಪಿ ಮ್ಯಾಲ ಬೋರಲ ಮಲಗಿ "ಬಾರಪಾ, ಒಂಚೂರು ತುಳಿ" ಅಂತಿದ್ರು. ನಾ ಗ್ವಾಡಿ ಹಿಡಕೊಂಡು ಅವರ ಬೆನ್ನ ಮ್ಯಾಲ ಹತ್ತಿ, ಹಿಮ್ಮಡ ಊರದಂಗ ಸಣ್ಣ ಸಣ್ಣ ಹೆಜ್ಜಿ ಹಾಕ್ತಿದ್ದೆ, ಎಲ್ಲ್ಯರ ಎಲುಬು ಲಟ್ ಅಂದ್ರ ಅವರು ಬಿಡ್ತಿದ್ದ ಉಸಿರಿನ ಸಪ್ಪಳ ಈಗೂ ನನ್ನ ಕಿವ್ಯಾಗ ಐತಿ.

ಇಲ್ಲಿ ನಮ್ಮ ಆಫೀಸಿನ ಮೂರನೇ ಮಹಡ್ಯಾಗ ಒಂದು ಸಣ್ಣ ರೂಮೈತಿ, ಅದರಾಗ ಒಬ್ಬರು ಕುಂತಿರ್ತಾರ. ಅವರಿಗೆ ಎರಡೂ ಕಣ್ಣು ಕಾಣೂದಿಲ್ಲ. ನಾವೆಲ್ಲ ಅವರಿಗೆ ಸೆನ್ಸೇ ಅಂತೀವಿ, ಅಂದ್ರ ಮಾಸ್ತರ್ರ ಅಂದಂಗ. ಅವರು ಹೊರಗಿನಿಂದ ಬಂದು ಹೋಗೋರಲ್ಲ, ನನ್ನಂಗ ಕಂಪನಿ ನೌಕರರು, ತಿಂಗಳಾ ಪಗಾರ, ರಜಾ, ಇನ್ಶೂರೆನ್ಸ್ ಎಲ್ಲಾ ನನ್ನಂಗ. ಇವರಿಗೆ ಇಲ್ಲಿ ಹೆಲ್ತ್ ಕೀಪರ್ ಅಂತಾರ, ಕೆಲಸ ಮಾಡೋ ಮಂದಿ ಮೈ ಒತ್ತಿ ಹಗುರ ಮಾಡೋದು ಅವರ ಕೆಲಸ. ಜಪಾನಿನ್ಯಾಗ ಭಾಳ ಕಂಪನಿಗಳು ಹಿಂಗ ಕಣ್ಣು ಕಾಣದವರನ್ನ ಈ ಕೆಲಸಕ್ಕ ಇಟ್ಕೊಂಡಾವ.

ಮೊದಲ ಸಲ ಹೋದಾಗ ನನಗ ಸಂಕೋಚ ಅಂದ್ರ ಸಂಕೋಚ. ಮಸಾಜ್ ಅಂದಕೂಡ್ಲೆ ನಮ್ಮ ತಲ್ಯಾಗ ಏನೇನೋ ಬರ್ತೈತಿ ನೋಡ್ರಿ. ಅಲ್ಲಿ ಏನಿಲ್ಲ, ಬಟ್ಟಿ ಕಳೀಬೇಕಿಲ್ಲ, ಎಣ್ಣಿ ಹಚ್ಚೂದಿಲ್ಲ. ಅಂಗಿ ಮ್ಯಾಲೇನs ಒಂದು ತೆಳ್ಳನ ಹತ್ತಿ ಬಟ್ಟಿ ಹಾಸಿ ಅದರ ಮ್ಯಾಲಿಂದ ಹೆಬ್ಬಟ್ಟಿಲೆ ಒತ್ತತಾರ, ಇದಕ್ಕ ಅನ್ಮಾ ಅಂತಾರ. ಸೆನ್ಸೇ ಭುಜದ ಮ್ಯಾಲ ಕೈಯಿಟ್ಟು ಸುಮ್ಮನ ನಿಂತ್ರು, ಏನೋ ಕೇಳಿಸಿಕೊಳ್ಳೋರಂಗ. ಆಮ್ಯಾಲ "ಎಡಗಾಲಿಗೆ ಹಿಂದೆ ಎಂದರ ಪೆಟ್ಟು ಬಿದ್ದಿತ್ತೇನು" ಅಂತ ಕೇಳಿದ್ರು. ಹತ್ತನೇತ್ತೆ ಇದ್ದಾಗ ಸೈಕಲ್ ಮ್ಯಾಲಿಂದ ಬಿದ್ದಿದ್ದೆ, ಅವತ್ತಿಂದ ಬಲಗಡಿ ವಾಲಿ ನಿಲ್ಲೋದು ರೂಢಿ ಆಗೇತಿ, ಅದು ಇವರಿಗೆ ಹೆಗಲಿನ ಬಿಗುವಿನಾಗ ಗೊತ್ತಾತು. ಮುಗಿದಮ್ಯಾಲ ಮಾತಾಡೋ ಕಂಪ್ಯೂಟರಿನ್ಯಾಗ ನನ್ನ ಬಗ್ಗೆ ನಾಕು ಸಾಲು ಬರಕೊಂಡ್ರು, ಮುಂದಿನ ಸಲಕ್ಕ ಬೇಕಾಗ್ತೈತಿ ಅಂತ.

ಈ ಕಸುಬು ನಿನ್ನೆ ಮೊನ್ನಿದಲ್ಲ. 17ನೇ ಶತಮಾನದಾಗ ಸುಗಿಯಾಮಾ ವಾಇಚಿ ಅನ್ನೋ ಕಣ್ಣು ಕಾಣದ ವೈದ್ಯರು ಆಗ ಜಪಾನ್ ಆಳತಿದ್ದ ಶೋಗುನನ ಆಸರದಾಗ ಅಂಧರಿಗೆ ಸೂಜಿ ಚಿಕಿತ್ಸಾ, ಅನ್ಮಾ ಕಲಿಸೋ ಶಾಲಿ ನಡೆಸಿದ್ರು. ಈಗಂತೂ ಕಾನೂನೈತಿ, 1947ರದ್ದು. ಮೂರು ವರ್ಷ ಓದಿ ಸರ್ಕಾರಿ ಪರೀಕ್ಷಾ ಪಾಸಾದ್ರ ಮಾತ್ರ ಲೈಸನ್ಸ್, ಅಂಧರ ಶಾಲ್ಯಾಗs ಅದರ ಕೋರ್ಸ್ ಐತಿ. ಇದರ ಮ್ಯಾಲ ಇನ್ನೊಂದು ಕಾನೂನು, 2024ರ ಏಪ್ರಿಲ್‌ನಿಂದ ಖಾಸಗಿ ಕಂಪನಿ ನೌಕರರಾಗ 2.5% ಅಂಗವಿಕಲರು ಇರಬೇಕು, ಅಂದ್ರ 40 ಮಂದಿಗೆ ಒಬ್ಬರು, 2026ರ ಜುಲೈದಿಂದ ಅದು 2.7%. 100ಕ್ಕಿಂತ ದೊಡ್ಡ ಕಂಪನಿ ಆದ್ರ ಕಡಿಮಿ ಬಿದ್ದ ಒಬ್ಬೊಬ್ಬರ ಲೆಕ್ಕಕ್ಕ ತಿಂಗಳಿಗೆ 50,000 ಯೆನ್ ಕಟ್ಟಬೇಕು. ಕಂಪನಿಯವರು ಬರೇ ಕರುಣಾದಿಂದ ಮಾಡ್ಯಾರ ಅಂತ ನಾ ಹೇಳೂದಿಲ್ಲ, ಆದ್ರ ಹಂಗ ಕಟ್ಟೋ ರೊಕ್ಕದ ಬದಲಿ ಒಬ್ಬ ಲೈಸನ್ಸ್ ಇದ್ದ ಮನಷ್ಯಾನ ಇಟ್ಕೊಂಡ್ರ ಅವನಿಗೂ ನೌಕರಿ ಆತು, ಮುನ್ನೂರು ಮಂದಿ ಬೆನ್ನಿಗೂ ಆಸರ ಆತು, ಹಿಂಗ ಲೆಕ್ಕಾ ಕೂಡಿದ್ದಕ್ಕನs ಇದು ಇಷ್ಟು ವರ್ಷ ಬಾಳಿಕಿ ಬಂದೈತಿ ಅಂತ ನನಗನಸ್ತೈತಿ.

ಅಮೆರಿಕಾಕ್ಕೂ ಈ ಕೈನs ಹೋಗೇತಿ. ಸ್ಯಾನ್ ಫ್ರಾನ್ಸಿಸ್ಕೋದಾಗ ಡೇವಿಡ್ ಪಾಮರ್ ಅನ್ನೋರು ಈ ಜಪಾನಿ ಪದ್ಧತಿ ಕಲಿತು, ಮುಖ ಮುಂದ ಆನಿಸಿ ಕೂಡೋ ಮಸಾಜ್ ಕುರ್ಚಿ ಮಾಡಿ 1986ರಾಗ ಮಾರ್ಕೆಟ್ಟಿಗೆ ತಂದ್ರು. ಕುರ್ಚಿ ಎತ್ತಿಕೊಂಡು ಆಫೀಸಿಗೇನs ಹೋಗಬಹುದು, ಬಟ್ಟಿ ಮ್ಯಾಲೇನs ಹದಿನೈದು ನಿಮಿಷದಾಗ ಮುಗಿಸಬಹುದು, ಅಲ್ಲಿಂದs ಈ ಧಂದೆ ಬೆಳೀತು. 1999ರಾಗ ಬರೇ 40 ಮಂದಿ ಇದ್ದ ಗೂಗಲ್ ಕಂಪನಿ ವಾರಕ್ಕ 450 ಡಾಲರ್ ಪಗಾರ, ಜೋಡಿಗೆ ಶೇರು ಕೊಟ್ಟು ಒಬ್ಬ ಮಸಾಜ್ ಮಾಡೋ ಹೆಣ್ಣುಮಗಳನ್ನ ಇಟ್ಕೊಂಡಿತ್ತು, ಆ ಶೇರಿನಿಂದ ಆಕಿ ಕೋಟ್ಯಾಧೀಶಳಾದಳು.

ನಮ್ಮ ಕಡಿ ಕೈ ಇಲ್ಲೇನ್ರಿ? ನಮ್ಮಕ್ಕನ ಬಾಣಂತನದಾಗ ಎರಿಯಾಕ ಬರ್ತಿದ್ದ ಅಜ್ಜಿ ಹರಳೆಣ್ಣಿ ಬೆಚ್ಚಗ ಮಾಡಿ ಕೂಸಿನ ಕೈಕಾಲು ನೀವತಿದ್ದದ್ದು ನೋಡಬೇಕಿತ್ತು, ಅಷ್ಟು ಅತ್ತ ಕೂಸು ಹಂಗs ನಿದ್ದಿ ಹೋಗೂದು. ಗರಡಿ ಮನ್ಯಾಗ ವಸ್ತಾದ್ರು ಪೈಲ್ವಾನರ ಮೈ ತಿಕ್ಕತಾರ, ಕಟಿಂಗ್ ಅಂಗಡ್ಯಾಗ ತಲಿ ಮಾಲೀಷು ಐತಿ. ಆದ್ರ ಆ ಅಜ್ಜಿಗೆ ಕಡೀಕೆ ಸಿಕ್ಕಿದ್ದು ಒಂದು ಸೀರಿ, ಒಂದಿಷ್ಟು ಜ್ವಾಳ, ಕೈಯಾಗ ಸ್ವಲ್ಪ ರೊಕ್ಕ. ಅದಕ್ಕ ಕಸುಬು ಅನ್ನೋ ಹೆಸರು ನಾವು ಕೊಡಲೇ ಇಲ್ಲ, ಇದು ನನಗ ನೋವು.

ಇನ್ನೊಂದು ಮಾತು, ಇದನ್ನ ಭಾಳ ದಿನದಿಂದ ಬರೀಬೇಕಂತಿದ್ದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಯಾರಿಗೆ ಗೊತ್ತಿಲ್ಲ? ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಪುಟ್ಟರಾಜ ಗವಾಯಿಗಳು 2010ರಾಗ ಲಿಂಗೈಕ್ಯ ಆಗೂತನಕ ನಡೆಸಿದ್ದು, ಇಬ್ಬರಿಗೂ ಕಣ್ಣಿರಲಿಲ್ಲ. ಕಣ್ಣು ಕಾಣದ ಎಷ್ಟು ಮಕ್ಕಳಿಗೆ ಊಟ, ವಸತಿ, ಸಂಗೀತ ಕೊಟ್ಟು "ನಿನ್ನ ಕಾಲ ಮ್ಯಾಲ ನೀ ನಿಂದ್ರು" ಅಂತ ಕಳಿಸ್ಯಾರ, ಟೋಕಿಯೋದಾಗ ಸೆನ್ಸೇ ಮುಂದ ಇದನ್ನ ಹೇಳುವಾಗ ನನ್ನ ಎದಿ ಉಬ್ಬತೈತಿ. ಆದ್ರ ಎಲ್ಲಾ ಮಕ್ಕಳಿಗೂ ಸ್ವರ ಒಲಿಯೂದಿಲ್ಲಲ್ಲಾ. ಒಲೀದವರಿಗೆ ಇನ್ನೊಂದು ದಾರಿ ಬೇಕು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕಿನ ಕಾಯ್ದೆದಾಗ ಸರ್ಕಾರಿ ನೌಕರಿಗೆ 4% ಮೀಸಲಾತಿ ಐತಿ, ಖಾಸಗಿಯವರಿಗೆ ಕಡ್ಡಾಯ ಇಲ್ಲ. ಹುಬ್ಬಳ್ಳಿ ಗೋಕುಲ ರೋಡಿನ ಕಾರ್ಖಾನಿಯವರು, ಐಟಿಯವರು, ದಿನಾ ಹತ್ತು ತಾಸು ಸ್ಟೇರಿಂಗ್ ಹಿಡಿಯೋ ಡ್ರೈವರ್‌ಗಳನ್ನ ಇಟ್ಕೊಂಡ ವಾಯವ್ಯ ಸಾರಿಗಿಯವರು, ಇವರೆಲ್ಲ ಒಂದೊಂದು ಡಿಪೋಕ್ಕ, ಒಂದೊಂದು ಕಟ್ಟಡಕ್ಕ ಒಬ್ಬೊಬ್ಬ ತರಬೇತಿ ಆದ ಅಂಧ ಹುಡುಗನ್ನ, ಹುಡುಗಿನ್ನ ಪಗಾರದ ಮ್ಯಾಲ ಯಾಕ ಇಟ್ಕೋಬಾರದು? ಅಮರಗೋಳ ಎಪಿಎಂಸಿಯ ಹಮಾಲರ ಬೆನ್ನಿಗಂತೂ ಐಟಿಯವರಿಗಿಂತ ಮೊದಲು ಬೇಕು.

ಹುಬ್ಬಳ್ಳ್ಯಾಗ ಒಂದು ಕಂಪನ್ಯಾಗ ಎಚ್‌ಆರ್ ಇರೋ ನಮ್ಮ ಕಾಕಾನ ಮಗನಿಗೆ ಹೇಳಿದೆ. "ಅಣ್ಣಾ, ಮಸಾಜ್ ಅಂದ್ರ ಮ್ಯಾಲಿನವರು ಏನ ತಿಳ್ಕೋತಾರೋ, ನಾ ಹೆಂಗ ಕೇಳ್ಲಿ" ಅಂದ. ಅವನ ತಪ್ಪಿಲ್ಲ, ಬೋರ್ಡಿಗೆ ಸ್ಪಾ ಅಂತ ಬರದು ಒಳಗ ಬ್ಯಾರೇನರ ನಡೆಸಿದವರು ಆ ಶಬ್ದಾನ ಕೆಡಿಸಿಟ್ಟಾರ. ಆದ್ರ ಕಲಿತವರಿಗೆ ಸರ್ಟಿಫಿಕೇಟು, ಅರಿವಿ ಮ್ಯಾಲೇನs ಕೆಲಸ, ಆಫೀಸಿನ ಟೈಮು ಅಂತ ಶಿಸ್ತು ತಂದ್ರ ಮಂದಿ ಅನ್ನೋದು ತಾನಾಗೇ ನಿಂದರತೈತಿ.

ಜಪಾನಿನ್ಯಾಗ ಎಲ್ಲಾ ಛಲೋ ಅಂತಿಲ್ಲ. ಬೆನ್ನು ಬಿಗಿಯೋ ಹಂಗ ರಾತ್ರಿತನಕ ದುಡಿಸಿ ಆಮ್ಯಾಲ ಒತ್ತಿಸೋದು ಯಾವ ನ್ಯಾಯ ಅಂತ ನಾನೂ ಕೇಳ್ತೀನಿ. ಲೈಸನ್ಸ್ ಇಲ್ಲದ ರಿಲ್ಯಾಕ್ಸ್ ಅಂಗಡಿ ಓಣಿಗೊಂದು ಆಗಿ ಅಂಧರ ಗಿರಾಕಿ ಕಸಗೊಂಡಾವ, ಅದಕ್ಕs ಕಂಪನಿ ನೌಕರಿ ಅವರಿಗೆ ಇನ್ನಷ್ಟು ಮುಖ್ಯ ಆಗೇತಿ. ಮತ್ತ ಅಂಧರಂದ್ರ ಮಸಾಜ್ ಅಷ್ಟs ಅಂತ ಕೂಡಿಸೋದೂ ತಪ್ಪು, ನಮ್ಮ ಸೆನ್ಸೇಗೆ ಸಣ್ಣವರಿದ್ದಾಗ ಲೆಕ್ಕದ ಮಾಸ್ತರ ಆಗೋ ಆಸೆ ಇತ್ತಂತ. ಆದ್ರ ಅವರು ದಿನಾ ಸ್ಟೇಶನ್ನಿಂದ ಆಫೀಸಿನತನಕ ರಸ್ತೆದಾಗಿನ ಹಳದಿ ಉಬ್ಬು ಹಾಸುಗಲ್ಲು ಕೋಲಿನಿಂದ ಮುಟ್ಟಿಕೋತ, ಯಾರ ಕೈನೂ ಹಿಡೀದ ಬರ್ತಾರ. ಆ ಕಲ್ಲು ಮೊದಲ ಸಲ ಹಾಕಿದ್ದು 1967ರಾಗ, ಒಕಾಯಾಮಾ ಊರಿನ ಅಂಧರ ಶಾಲಿ ಹತ್ರ. ಗದಗಿನ್ಯಾಗ ಪುಣ್ಯಾಶ್ರಮದಿಂದ ಬಸ್ ಸ್ಟ್ಯಾಂಡಿಗೆ ಇಂಥಾದ್ದೊಂದು ಹಾದಿ ಹಾಸಿದ್ರ ಎಷ್ಟು ಛಲೋ.

ಮೊನ್ನೆ ಅಪ್ಪಗ ಫೋನ್ ಮಾಡಿ ಸೆನ್ಸೇ ಸುದ್ದಿ ಎಲ್ಲಾ ಹೇಳಿ, ಬೆನ್ನು ಹೆಂಗೈತ್ರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು, "ಹಂಗs ಐತಿ. ತುಳಿಯಾಕ ಈಗ ಮನ್ಯಾಗ ಸಣ್ಣ ಹುಡುಗರು ಯಾರದಾರ?"