ಎಂ.ಎ. ಮತ್ತು ಪಿಎಚ್.ಡಿ. ನಡುವೆ ಇಲ್ಲವಾದ ಎರಡು ವರ್ಷ

ಸಿನಿಮಾ, ಪತ್ರಿಕೆ, ಟೀವಿ, ಸಾಮಾಜಿಕ ಜಾಲತಾಣಗಳನ್ನು ನಮ್ಮ ಸಂಸ್ಕೃತಿಯ ಅಂಗವೆಂದು ಗಂಭೀರವಾಗಿ ಅಧ್ಯಯನ ಮಾಡಬಯಸುವ ಕನ್ನಡದ ವಿದ್ಯಾರ್ಥಿಗೆ ಇಂದು ಎಂ.ಎ. ಮುಗಿಸಿದ ಕೂಡಲೇ ಪಿಎಚ್.ಡಿ.ಗೆ ಹಾರುವುದೊಂದೇ ದಾರಿ ಉಳಿದಿದೆ. ಈ ಎರಡರ ನಡುವೆ ಇದ್ದ ಎಂ.ಫಿಲ್. ಎಂಬ ಸಂಶೋಧನಾ ಪದವಿಯನ್ನು 2022ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಲ್ಲಿಸಿತು. ಆ ಪದವಿಯಲ್ಲಿ ಕೊರತೆಗಳಿದ್ದವು, ನಿಜ. ಆದರೂ ಸಂಶೋಧನೆ ಎಂದರೇನು ಎಂಬುದನ್ನು ಕಲಿಯಲು ಅದು ಒಂದಷ್ಟು ಕಾಲಾವಕಾಶ ಕೊಡುತ್ತಿತ್ತು. ಕರ್ನಾಟಕದಲ್ಲಿ ಪತ್ರಿಕೋದ್ಯಮದ ಎಂ.ಎ. ಮುಗಿಸಿ, ಆಮೇಲೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಮಾಧ್ಯಮ ಅಧ್ಯಯನದ ಸಂಶೋಧನಾ ಸ್ನಾತಕೋತ್ತರ ಪದವಿ ಓದಿ, ಈಗ ನೆದರ್ಲೆಂಡ್ಸ್‌ನಲ್ಲೇ ನೆಲೆಸಿರುವ ನನಗೆ, ಆ ಕಾಲಾವಕಾಶದ ಬೆಲೆ ಏನೆಂಬುದು ಎರಡೂ ಕಡೆಯ ಅನುಭವದಿಂದ ತಿಳಿದಿದೆ.

ಇಲ್ಲಿ ಮಾನವಿಕ ವಿಷಯಗಳ ಸಾಮಾನ್ಯ ಎಂ.ಎ. ಒಂದು ವರ್ಷದ್ದು, 60 ಕ್ರೆಡಿಟ್‌ಗಳದ್ದು. ಸಂಶೋಧನೆಯತ್ತ ಒಲವಿರುವವರಿಗೆ ಬೇರೆಯೇ ಪದವಿ ಇದೆ: ಎರಡು ವರ್ಷ, 120 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 28 ಗಂಟೆಗಳ ಕೆಲಸವೆಂಬ ಲೆಕ್ಕವಿರುವುದರಿಂದ, 30 ಕ್ರೆಡಿಟ್‌ಗಳ ಪ್ರಬಂಧಕ್ಕೆ 840 ಗಂಟೆಗಳನ್ನು ಮೀಸಲಿಟ್ಟಂತಾಯಿತು. ಆ ಗಂಟೆಗಳಲ್ಲಿ ದೊಡ್ಡ ಪಾಲು ಬರೆದದ್ದನ್ನು ಮತ್ತೆ ಬರೆಯುವುದಕ್ಕೇ ಹೋಗುತ್ತದೆ. ಇದಲ್ಲದೆ, ಮಾಧ್ಯಮ ಅಧ್ಯಯನಕ್ಕೂ ಸಂಸ್ಕೃತಿ ವಿಶ್ಲೇಷಣೆಗೂ ರಾಷ್ಟ್ರಮಟ್ಟದ ಸಂಶೋಧನಾ ಶಾಲೆಗಳಿದ್ದು, ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅಲ್ಲಿ ಪಿಎಚ್.ಡಿ. ಮಾಡುತ್ತಿರುವವರ ಜೊತೆ ಕುಳಿತು ಓದುತ್ತಾರೆ.

ಆದರೆ ಕ್ರೆಡಿಟ್‌ಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಸೆಮಿನಾರ್ ಕೋಣೆಯಲ್ಲಿ ನಡೆಯುವ ಕೆಲಸ. ಡಾ. ರಾಜ್‌ಕುಮಾರ್ ಅಭಿಮಾನಿ ಸಂಘಗಳ ಬಗ್ಗೆ ಬರೆಯುತ್ತೇನೆಂದು ನಾನು ಎರಡು ಪುಟಗಳ ಪ್ರಸ್ತಾವ ಸಲ್ಲಿಸಿದ್ದೆ. ಸಹಪಾಠಿಗಳೆಲ್ಲರೂ ಅದನ್ನು ಮೊದಲೇ ಓದಿ, ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡು ಬಂದಿದ್ದರು. ಸಂಘದ ಛಾಯಾಚಿತ್ರಗಳಲ್ಲಿ ಹೆಂಗಸರು ಏಕೆ ಕಾಣುವುದಿಲ್ಲ ಎಂದು ಒಬ್ಬಳು ಕೇಳಿದಳು. ಕಟೌಟಿಗೆ ಹಣ ಕೊಟ್ಟವರು ಯಾರು, ಆ ಲೆಕ್ಕದ ಪುಸ್ತಕ ಎಲ್ಲಾದರೂ ಉಳಿದಿದೆಯೇ ಎಂದು ಇನ್ನೊಬ್ಬ ಕೇಳಿದ. 1982ರ ಗೋಕಾಕ್ ಚಳವಳಿಯಲ್ಲಿ ನಟನೊಬ್ಬ ಬೀದಿಗಿಳಿದದ್ದರಿಂದ ಸಂಘಗಳ ಸ್ವರೂಪ ಬದಲಾಯಿತೆಂದು ನಾನು ಬರೆದಿದ್ದ ವಾಕ್ಯದ ಕೆಳಗೆ ಗೆರೆ ಎಳೆದು, 'ಇದು ಗೊತ್ತಿರುವ ಸಂಗತಿಯೋ, ಕಂಡುಹಿಡಿಯಬೇಕಾದದ್ದೋ?' ಎಂದು ಪ್ರಾಧ್ಯಾಪಕರು ಕೇಳಿದರು. ಒಂದು ರಾಜ್ಯದ ಎಲ್ಲ ಸಂಘಗಳನ್ನೂ ಹೊತ್ತುಕೊಂಡಿದ್ದ ವಿಷಯ ಒಂದು ಊರಿಗೆ, ಕೆಲವೇ ವರ್ಷಗಳಿಗೆ, ಕೈಗೆ ಸಿಗುವ ಕರಪತ್ರ ಮತ್ತು ಸಂದರ್ಶನಗಳಿಗೆ ಇಳಿಯುವ ಹೊತ್ತಿಗೆ ಒಂದು ಸೆಮಿಸ್ಟರ್ ಕಳೆದಿತ್ತು. ಆ ಸೆಮಿಸ್ಟರ್ ವ್ಯರ್ಥವಾಯಿತೆಂದು ಅಲ್ಲಿ ಯಾರೂ ಎಣಿಸಲಿಲ್ಲ. ಪ್ರಶ್ನೆಯನ್ನು ಹದಕ್ಕೆ ತರುವುದೇ ಆ ಸೆಮಿಸ್ಟರಿನ ಪಾಠವಾಗಿತ್ತು.

ನಾನು ಎಂ.ಎ. ಓದಿದ ವಿಭಾಗದಲ್ಲಿ ಕಿರುಪ್ರಬಂಧ ಕೊನೆಯ ಸೆಮಿಸ್ಟರಿನಲ್ಲಿ, ನಾಲ್ಕಾರು ಪತ್ರಿಕೆಗಳ ಪರೀಕ್ಷೆಯ ನಡುವೆ ಬರುತ್ತಿತ್ತು. ಶೀರ್ಷಿಕೆ ಒಪ್ಪಿಗೆಯಾದ ಮೇಲೆ ಪ್ರಶ್ನಾವಳಿ ಹಂಚುವುದು, ಶೇಕಡಾವಾರು ಕೋಷ್ಟಕ ಮಾಡುವುದು, ಬೈಂಡ್ ಮಾಡಿಸಿ ಮೌಖಿಕ ಪರೀಕ್ಷೆಗೆ ಹೋಗುವುದು. ಗೈಡ್ ಒಬ್ಬರನ್ನು ಬಿಟ್ಟು ಮತ್ತಾರೂ ಅದನ್ನು ಓದುತ್ತಿರಲಿಲ್ಲ. ಹತ್ತಾರು ವಿದ್ಯಾರ್ಥಿಗಳ ಹೊಣೆ ಹೊತ್ತ ಅವರಿಗೂ ಪುರುಸೊತ್ತು ಇರುತ್ತಿರಲಿಲ್ಲ. ಇದಕ್ಕೆ ಅಧ್ಯಾಪಕರನ್ನು ದೂರುವುದು ಅನ್ಯಾಯ. ಖಾಲಿ ಹುದ್ದೆಗಳನ್ನು ತುಂಬದೆ, ಅತಿಥಿ ಉಪನ್ಯಾಸಕರ ದುಡಿಮೆಯಿಂದ ವಿಭಾಗಗಳನ್ನು ನಡೆಸುವ ಏರ್ಪಾಟಿನಲ್ಲಿ ಇನ್ನೊಬ್ಬರ ಕರಡನ್ನು ನಿಧಾನವಾಗಿ ಓದುವ ಅಭ್ಯಾಸ ಬೆಳೆಯುವುದಾದರೂ ಹೇಗೆ?

ಒಟ್ಟಿಗೆ ಕುಳಿತು ನೋಡುವ, ಚರ್ಚಿಸುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರ ಮುಂದಿಟ್ಟು, ರಸಗ್ರಹಣ ಶಿಬಿರಗಳನ್ನು ನಡೆಸಿತು. ಅಡಿಕೆ ಬೆಳೆಗಾರರೂ ಶಾಲಾ ಮೇಷ್ಟರೂ ಕನ್ನಡದಲ್ಲಿ ಸಿನಿಮಾ ವಿಮರ್ಶೆ ಮಾಡಬಲ್ಲರೆಂದು ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ತೋರಿಸಿಕೊಟ್ಟರು. ಬೆಂಗಳೂರಿನ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರ 1990ರ ದಶಕದಲ್ಲಿ ಆರಂಭವಾಗಿ ಈ ಕ್ಷೇತ್ರದಲ್ಲಿ ದೇಶಕ್ಕೇ ಮಾದರಿಯಾಗಬಲ್ಲ ಸಂಶೋಧನೆ ನಡೆಸಿತು. ಅದರ ಬೋಧನೆ ಈಗ ನಿಂತುಹೋಗಿದೆ. ಹೆಗ್ಗೋಡಿನ ಚರ್ಚೆಯ ಗುಣವನ್ನಾಗಲಿ ಬೆಂಗಳೂರಿನ ಆ ಕೇಂದ್ರದ ಶಿಸ್ತನ್ನಾಗಲಿ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ತಮ್ಮದಾಗಿಸಿಕೊಳ್ಳಲಿಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಹಾಗೆಂದು ಎಲ್ಲರೂ ಯೂರೋಪಿಗೆ ಬರಲಿ ಎಂದು ನಾನು ಹೇಳಲಾರೆ. ಯೂರೋಪಿನ ಹೊರಗಿನಿಂದ ಬಂದವರು ತೆರಬೇಕಾದ ಶುಲ್ಕ ಸ್ಥಳೀಯರ ಶುಲ್ಕದ ಹಲವು ಪಟ್ಟು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಇಲ್ಲಿ ಟೆಂಟ್ ಸಿನಿಮಾ ಎಂದರೇನು, ಹರಿಕಥೆಗೂ ಪೌರಾಣಿಕ ಚಿತ್ರಕ್ಕೂ ಏನು ಸಂಬಂಧ ಎಂದು ವಿವರಿಸುವುದರಲ್ಲೇ ಪ್ರಬಂಧದ ಎಷ್ಟೋ ಪುಟಗಳು ಖರ್ಚಾಗುತ್ತವೆ. ಮೈಸೂರಿನಲ್ಲೋ ಧಾರವಾಡದಲ್ಲೋ ಮೊದಲ ಪುಟದಲ್ಲೇ ದಾಟಿಬಿಡಬಹುದಾದ ಜಾಗಕ್ಕೆ ಇಲ್ಲಿ ಮೂರನೆಯ ಅಧ್ಯಾಯದಲ್ಲಿ ತಲುಪುತ್ತೇವೆ. ಕನ್ನಡದ ಸಾಮಗ್ರಿಯನ್ನು ಕನ್ನಡ ಬಲ್ಲವರೇ ಓದಿ ಪ್ರಶ್ನಿಸಿದಾಗ ಏಳುವ ಕಠಿಣ ಪ್ರಶ್ನೆಗಳು ಈ ಕೋಣೆಗಳಲ್ಲಿ ಏಳುವುದಿಲ್ಲ.

ಮೂರು ವರ್ಷದ ಪದವಿ ಪಡೆದವರಿಗೆ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣ ಇರಲಿ, ಎರಡನೆಯ ವರ್ಷವನ್ನು ಪೂರ್ತಿಯಾಗಿ ಸಂಶೋಧನೆಗೇ ಬಿಡಬಹುದು ಎಂಬ ಸೂಚನೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಆ ನೀತಿಯಂತೆ ತಂದಿದ್ದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು, 2024ರಲ್ಲಿ ಕರ್ನಾಟಕ ಮೂರು ವರ್ಷದ ಪದವಿಗೆ ಮರಳಿದೆ. ಆ ನೀತಿಯ ಬಗ್ಗೆ ಯಾರ ನಿಲುವು ಏನೇ ಇರಲಿ, ಈ ಒಂದು ಸೂಚನೆ ನಮಗೆ ಹೊಂದುತ್ತದೆ. ಒಂದೊಂದು ವಿಭಾಗವೂ ಒಂಟಿಯಾಗಿ ಇದನ್ನು ನಡೆಸುವುದು ಕಷ್ಟವಾದರೆ, ಮೈಸೂರು, ಧಾರವಾಡ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸೇರಿ ಸಂಶೋಧನಾ ಶಾಲೆಯೊಂದನ್ನು ಕಟ್ಟಬಹುದು. ಪತ್ರಿಕೋದ್ಯಮ, ಕನ್ನಡ, ಸಮಾಜಶಾಸ್ತ್ರ, ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಅಲ್ಲಿ ಒಟ್ಟಾಗಿ ಕೂರಬಹುದು.

ಆಕರಗಳ ವಿಷಯವನ್ನೂ ಇದರ ಜೊತೆಗೇ ಯೋಚಿಸಬೇಕು. ಇಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಡೆಲ್ಫರ್ ಎಂಬ ಜಾಲತಾಣದಲ್ಲಿ 1618ರಿಂದ ಈಚಿನ ಡಚ್ ಪತ್ರಿಕೆಗಳ ಲಕ್ಷಾಂತರ ಪುಟಗಳನ್ನು ಯಾರು ಬೇಕಾದರೂ ಪದ ಹುಡುಕಿ ಓದಬಹುದು. 1843ರಲ್ಲಿ ಆರಂಭವಾದ 'ಮಂಗಳೂರ ಸಮಾಚಾರ'ದಿಂದ ಈಚಿನ ಕನ್ನಡ ಪತ್ರಿಕೆಗಳಿಗೆ ಇಂಥದೊಂದು ಸೌಲಭ್ಯ ಇನ್ನೂ ಇಲ್ಲ. ಸಂಶೋಧನಾ ಶಾಲೆಯ ಮೊದಲ ತಂಡದ ವಿದ್ಯಾರ್ಥಿಗಳಿಗೆ, ತಮ್ಮ ತಮ್ಮ ಜಿಲ್ಲೆಯ ಒಂದು ಹಳೆಯ ಪತ್ರಿಕೆಯ ಸಂಚಿಕೆಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಸೂಚಿ ತಯಾರಿಸಿ, ಅದರ ಮೇಲೆಯೇ ಪ್ರಬಂಧವನ್ನು ಕನ್ನಡದಲ್ಲಿ ಬರೆಯುವ ಕೆಲಸ ಕೊಡಬೇಕು. ಪ್ರತಿ ಅಧ್ಯಾಯದ ಕರಡನ್ನೂ ತಂಡದ ಉಳಿದವರೆಲ್ಲ ಓದಿ, ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡು ಬರುವುದು ಕಡ್ಡಾಯವಾಗಬೇಕು, ಅದಕ್ಕೂ ಕ್ರೆಡಿಟ್ ಸಿಗಬೇಕು.